ಹಳೆಯ ಪದ್ಮಿನಿಗೆ ಆಲ್ಟರ್ನೇಟರು

ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಜನ್ಮತಾಳಿ, ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದಶಕಗಳ ಕಾಲ ದುಡಿದು, 2023ರ ಅಕ್ಟೋಬರಿನಲ್ಲಿ ಆ ಸೇವೆಯಿಂದ ನಿವೃತ್ತಿ ಹೊಂದಿದ ಪದ್ಮಿನಿ ಕಾರು ಖಾಸಗಿ ಒಡೆಯರ ಆಶ್ರಯದಲ್ಲಿ ಇಂದಿಗೂ ಜೀವಂತವಾಗಿದೆ.

ಹಳೆಯ ಪದ್ಮಿನಿಯ ಡೈನಮೋ ತೆಗೆದು ಆಲ್ಟರ್ನೇಟರನ್ನು ಕೂಡಿಸುವುದು ಪರಂಪರೆಗೆ ಎಸಗುವ ಅಪಚಾರವೆಂದು ಭಾವಿಸುವವರ ಶ್ರದ್ಧೆಯನ್ನು ಗೌರವಿಸುತ್ತೇನೆ. ತೀರ್ಮಾನವನ್ನು ಮಾತ್ರ ಒಪ್ಪಲಾರೆ. ಶ್ರಾವಣದ ಮಳೆಯಲ್ಲಿ, ಮುಂಬಯಿ ಬಳಿಯ ಶಿಳ್‌ಫಾಟಾದ ವಾಹನಸಂದಣಿಯೊಳಗೆ ಸಿಲುಕಿ, ಹೆಡ್‌ಲೈಟೂ ವೈಪರೂ ಏಕಕಾಲಕ್ಕೆ ನಡೆಯುತ್ತಿರಲು, ಎಂಜಿನ್ನು ಮಂದಗತಿಯಲ್ಲಿರುವಷ್ಟು ಹೊತ್ತೂ ಡೈನಮೋ ಉತ್ಪಾದಿಸುವ ವಿದ್ಯುತ್ತು ಅತ್ಯಲ್ಪವಾದುದರಿಂದ, ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣುಕುತ್ತದೆ, ಹೆಡ್‌ಲೈಟಿನ ಬೆಳಕು ಕಂದುತ್ತದೆ, ವೈಪರು ಗಾಜಿನ ನಡುವೆಯೇ ತಡವರಿಸುತ್ತದೆ. 55 ವ್ಯಾಟಿನ ಎರಡು ಹ್ಯಾಲೊಜನ್ ಬಲ್ಬುಗಳೇ ಸುಮಾರು 9 ಆಂಪಿಯರ್ ಹೀರುತ್ತವೆಯಷ್ಟೆ. ಸಮರ್ಥವಾದ ಆಲ್ಟರ್ನೇಟರಾದರೋ ಅದೇ ಮಂದಗತಿಯಲ್ಲಿಯೂ ಈ ಭಾರವನ್ನು ಹೊತ್ತು, 14 ವೋಲ್ಟಿನ ಆಸುಪಾಸಿನಲ್ಲಿ ಬ್ಯಾಟರಿಯನ್ನು ಪೋಷಿಸಬಲ್ಲದು. ಎದುರಿನ ಪಾದಚಾರಿಯನ್ನು ಕಾಣಿಸದ ದೀಪ ಯಾವ ಪರಂಪರೆಯನ್ನು ರಕ್ಷಿಸೀತು?

ಆದರೆ ಕೆಲಸ ಅರೆಬರೆಯಾಗಬಾರದು. ಅಧಿಕ ಪ್ರವಾಹಕ್ಕೆ ಹಳೆಯ ಸಣ್ಣ ವೈರು ಕಾಯ್ದು ಸುಡುವ ಭಯವಿರುವುದರಿಂದ, ಬ್ಯಾಟರಿಯವರೆಗೆ ದಪ್ಪನೆಯ ಹೊಸ ವೈರನ್ನೂ ತಕ್ಕ ಫ್ಯೂಸನ್ನೂ ಹಾಕಿಸಿ, ಡೈನಮೋವಿನ ಕಟೌಟ್ ರಿಲೇಯನ್ನು ಮಂಡಲದಿಂದ ಬಿಡಿಸಬೇಕು. ಎಂಜಿನ್ನಿಗೆ ಹೊಸ ತೂತು ಕೊರೆಯಲು ಮೆಕ್ಯಾನಿಕ್ಕಿಗೆ ಸಮ್ಮತಿ ಕೊಡದಿರಿ. ಕಳಚಿದ ಡೈನಮೋವನ್ನು ಗುಜರಿಗೆ ಕೊಡದೆ, ಕಾಗದದಲ್ಲಿ ಸುತ್ತಿ ಜೋಪಾನವಾಗಿಡಿ.