ಸ್ವಾತಂತ್ರ್ಯಕ್ಕೆ ಅರ್ಹತೆ ಬೇಕಂತೆ, ಸರಿ. ಮಾರ್ಕ್ಸ್ ಹಾಕೋರು ಯಾರು?

ಅಮೆರಿಕದ ಬಲಪಂಥೀಯರ ಭಾಷಣಗಳನ್ನು ಫಾಲೋ ಮಾಡುವವರಿಗೆ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ಅವರ ಒಂದು ಅಭಿಪ್ರಾಯ ಗೊತ್ತೇ ಇರುತ್ತದೆ. ತಮ್ಮ ಸಂವಿಧಾನ ಇರೋದು ನೀತಿ ಮತ್ತು ಧರ್ಮಶ್ರದ್ಧೆ ಇರುವ ಜನರಿಗೆ, ಉಳಿದವರನ್ನು ಆಳೋಕೆ ಅದು ಸಾಲದು ಅನ್ನೋದು ಅದರ ಸಾರ. ಶಾಲೆಯಲ್ಲಿ ಪ್ರಾರ್ಥನೆಯ ಚರ್ಚೆಯಿರಲಿ, ಗರ್ಭಪಾತದ ಚರ್ಚೆಯಿರಲಿ, ಈ ಮಾತನ್ನು ಎಳೆದು ತರುವವರು ಇದ್ದೇ ಇರುತ್ತಾರೆ. 2026ರ ಜುಲೈ 4ಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ. ಆ ನೆಪದಲ್ಲಾದರೂ ಈ ಮಾತನ್ನು ಅದು ಹುಟ್ಟಿದ ವರ್ಷದೊಳಗೆ ಇಟ್ಟು ಓದಬೇಕು ಅನ್ನೋದು ನನ್ನ ವಾದ.

ಈ ವಿಚಾರ ಆಡಮ್ಸ್ ಒಬ್ಬರದ್ದಲ್ಲ. ಸದ್ಗುಣವಿರುವ ಜನರಷ್ಟೇ ಸ್ವತಂತ್ರವಾಗಿ ಬಾಳಬಲ್ಲರು ಎಂಬರ್ಥದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ 1787ರಲ್ಲೇ ಬರೆದಿದ್ದರು. ಧರ್ಮ ಮತ್ತು ನೀತಿ ಇಲ್ಲದೆ ರಾಜಕೀಯ ಏಳಿಗೆ ಆಗಲ್ಲ ಅಂತ ಜಾರ್ಜ್ ವಾಷಿಂಗ್ಟನ್ 1796ರ ವಿದಾಯ ಸಂದೇಶದಲ್ಲಿ ಹೇಳಿದರು. ಆ ತಲೆಮಾರು ಓದಿಕೊಂಡವರಲ್ಲಿ ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂ ಮುಖ್ಯರು. 1748ರ ಅವರ ಗ್ರಂಥದ ಪ್ರಕಾರ ನಿರಂಕುಶ ಆಡಳಿತ ನಡೆಯೋದು ಭಯದಿಂದ, ರಾಜಪ್ರಭುತ್ವ ಮಾನಮರ್ಯಾದೆಯ ಆಸೆಯಿಂದ, ಗಣರಾಜ್ಯ ಸದ್ಗುಣದಿಂದ. ಇಲ್ಲಿ ಸದ್ಗುಣ ಅಂದರೆ ಕುಡಿಯದಿರೋದು, ತಪ್ಪದೆ ಚರ್ಚಿಗೆ ಹೋಗೋದು ಅಂತಲ್ಲ. ಸ್ವಂತ ಲಾಭಕ್ಕಿಂತ ಸಮುದಾಯದ ಹಿತವನ್ನು ಮುಂದಿಡುವುದು. ರಾಜನಿಲ್ಲದ ದೇಶದಲ್ಲಿ ಬೆತ್ತ ಹಿಡಿದು ನಿಲ್ಲೋರು ಯಾರೂ ಇಲ್ಲ, ಹಾಗಾಗಿ ಪ್ರಜೆಯೇ ತನ್ನನ್ನು ತಾನು ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳಬೇಕು. ಇಲ್ಲಿಯವರೆಗೆ ತರ್ಕ ಸರಿಯಾಗೇ ಇದೆ.

ಎಂಜಿನಿಯರಿಂಗ್ ಓದಿದ ನನಗೆ ಇವರೆಲ್ಲರಲ್ಲಿ ಹತ್ತಿರ ಅನ್ನಿಸೋದು ಜೇಮ್ಸ್ ಮ್ಯಾಡಿಸನ್. ಸೇತುವೆ ಡಿಸೈನ್ ಮಾಡುವವರು ಪ್ರತಿ ಲಾರಿಯೂ ನಿಯಮದಷ್ಟೇ ಲೋಡ್ ಹಾಕಿಕೊಂಡು ಬರುತ್ತೆ ಅಂತ ನಂಬಿ ಕೂರಲ್ಲ. 1788ರ ಫೆಬ್ರವರಿಯ 'ಫೆಡರಲಿಸ್ಟ್' 51ನೇ ಲೇಖನದಲ್ಲಿ ಮ್ಯಾಡಿಸನ್ ಮಾಡೋದೂ ಇದೇ ಲೆಕ್ಕ. ಆಳುವವರೂ ಆಳಿಸಿಕೊಳ್ಳುವವರೂ ದೇವತೆಗಳಲ್ಲ. ಆದ್ದರಿಂದ ಸರ್ಕಾರದ ಒಂದು ಅಂಗದ ಅಧಿಕಾರದಾಸೆಗೆ ಇನ್ನೊಂದು ಅಂಗದ ಆಸೆಯೇ ಬ್ರೇಕ್ ಆಗುವಂತೆ ಅಧಿಕಾರ ಹಂಚಿಡಬೇಕು. ಆದರೆ ಅದೇ ವರ್ಷದ ಜೂನ್‌ನಲ್ಲಿ, ಸಂವಿಧಾನವನ್ನು ಒಪ್ಪಬೇಕೋ ಬೇಡವೋ ಅಂತ ನಿರ್ಧರಿಸಲು ಸೇರಿದ್ದ ವರ್ಜೀನಿಯಾ ಸಭೆಯಲ್ಲಿ, ಜನರಲ್ಲಿ ಸದ್ಗುಣವೇ ಇಲ್ಲದಿದ್ದರೆ ಯಾವ ವ್ಯವಸ್ಥೆಯೂ ಕಾಪಾಡದು ಅಂತ ಹೇಳಿದ್ದೂ ಅವರೇ. ಎರಡೂ ಒಂದಕ್ಕೊಂದು ವಿರುದ್ಧ ಅನ್ನಿಸುತ್ತೆ ಅಲ್ವಾ? ಮ್ಯಾಡಿಸನ್‌ಗೆ ಹಾಗನ್ನಿಸಲಿಲ್ಲ. ಅವರ ಲೆಕ್ಕದಲ್ಲಿ ಆ ಸದ್ಗುಣದ ಕೆಲಸ ಯೋಗ್ಯರನ್ನು ಆರಿಸೋದು. ನಂಬಿಕೆ ಇಡಬೇಕಾದ್ದು ಆಳುವವರ ಮೇಲಲ್ಲ, ಅವರನ್ನು ಆರಿಸುವ ಜನರ ಮೇಲೆ.

ಈಗ ಆಡಮ್ಸ್ ವಿಷಯಕ್ಕೆ ಬನ್ನಿ. ಅವರು ಆ ಮಾತು ಬರೆದದ್ದು ಮ್ಯಾಸಚೂಸೆಟ್ಸ್‌ನ ನಾಗರಿಕ ಸೇನೆಯ ಅಧಿಕಾರಿಗಳಿಗೆ ಕಳಿಸಿದ ಪತ್ರದಲ್ಲಿ, 1798ರ ಅಕ್ಟೋಬರ್ 11ರಂದು. ಫ್ರಾನ್ಸ್ ಜೊತೆ ಘೋಷಣೆಯಿಲ್ಲದ ಸಮುದ್ರ ಯುದ್ಧ ನಡೀತಿದ್ದ ಕಾಲ ಅದು. ಮೂರು ತಿಂಗಳ ಹಿಂದಷ್ಟೇ, ಜುಲೈ 14ರಂದು, ಅವರು ಸೆಡಿಷನ್ ಕಾಯ್ದೆಗೆ ಸಹಿ ಹಾಕಿದ್ದರು. ಸರ್ಕಾರ, ಸಂಸತ್ತು ಅಥವಾ ಅಧ್ಯಕ್ಷರ ವಿರುದ್ಧ ಸುಳ್ಳು, ದುರುದ್ದೇಶದ ಬರಹ ಪ್ರಕಟಿಸಿದರೆ 2000 ಡಾಲರ್‌ವರೆಗೆ ದಂಡ, 2 ವರ್ಷದವರೆಗೆ ಜೈಲು. ಈ ರಕ್ಷಣೆಯ ಪಟ್ಟಿಯಲ್ಲಿ ಉಪಾಧ್ಯಕ್ಷರು ಇರಲಿಲ್ಲ. ಆಗ ಆ ಕುರ್ಚಿಯಲ್ಲಿದ್ದವರು ಎದುರಾಳಿ ಬಣದ ನಾಯಕ ಥಾಮಸ್ ಜೆಫರ್ಸನ್! ಕಾಯ್ದೆಯ ಆಯುಷ್ಯ 1801ರ ಮಾರ್ಚ್ 3ರವರೆಗೆ, ಅಂದರೆ ಆಡಮ್ಸ್ ಅವಧಿ ಮುಗಿಯುವ ತನಕ.

ಆ ಕಾಯ್ದೆಯಡಿ ಮೊದಲು ವಿಚಾರಣೆ ಎದುರಿಸಿದವರು ವರ್ಮಾಂಟ್‌ನ ಸಂಸದ ಮ್ಯಾಥ್ಯೂ ಲಯನ್. ಸಭ್ಯತೆಯ ಮೂರ್ತಿಯೇನಲ್ಲ, ಅದೇ ವರ್ಷ ಸಂಸತ್ತಿನಲ್ಲಿ ಸಹಸದಸ್ಯರೊಬ್ಬರ ಮುಖಕ್ಕೆ ಉಗಿದು ಸುದ್ದಿಯಾಗಿದ್ದವರು. ಆದರೆ ಕೇಸು ಬಿದ್ದದ್ದು ಅದಕ್ಕಲ್ಲ. ಅಧ್ಯಕ್ಷರ ಆಡಳಿತದಲ್ಲಿ ಜನಹಿತವನ್ನು ಅಧಿಕಾರದಾಸೆ, ಆಡಂಬರ, ಹೊಗಳಿಕೆಯ ಚಟ, ದುರಾಸೆ ನುಂಗಿಹಾಕಿವೆ ಅಂತ ಬರೆದಿದ್ದಕ್ಕೆ. ಇದಕ್ಕಿಂತ ನೇರವಾಗಿ ಸದ್ಗುಣದ ಪ್ರಶ್ನೆ ಕೇಳೋಕಾಗುತ್ತಾ? ಬರೆದದ್ದು ಸತ್ಯ ಅಂತ ಸಾಬೀತು ಮಾಡಿದರೆ ಬಿಡುಗಡೆಯ ಅವಕಾಶ ಕಾಯ್ದೆಯಲ್ಲಿತ್ತು, ಅಂದಿನ ಇಂಗ್ಲೆಂಡಿನ ಕಾನೂನಿಗಿಂತ ಅದು ಉದಾರವೂ ಹೌದು. ಆದರೆ ಒಬ್ಬರ ದುರಾಸೆಯನ್ನು ಕೋರ್ಟಿನಲ್ಲಿ ಸಾಬೀತು ಮಾಡೋದು ಹೇಗೆ? 4 ತಿಂಗಳು ಜೈಲು, 1000 ಡಾಲರ್ ದಂಡ ಬಿತ್ತು. ಅದೂ ಆಡಮ್ಸ್ ನೀತಿಯ ಪತ್ರ ಬರೆದ ಅದೇ ಅಕ್ಟೋಬರ್‌ನಲ್ಲಿ. ವರ್ಮಾಂಟ್‌ನ ಮತದಾರರು ಜೈಲಿನಲ್ಲಿದ್ದ ಲಯನ್ ಅವರನ್ನೇ ಮತ್ತೆ ಗೆಲ್ಲಿಸಿದರು. ಮ್ಯಾಡಿಸನ್ ಹೇಳಿದ ಸದ್ಗುಣ ಕೆಲಸ ಮಾಡೋದು ಹೀಗೆ.

ಹಾಗಂತ ಆ 'ಜನ' ಅನ್ನೋ ಪದವೂ ಅಮಾಯಕ ಅಲ್ಲ. ಅದರೊಳಗೆ ಗುಲಾಮರಿಗೆ ಜಾಗವಿರಲಿಲ್ಲ. ಮ್ಯಾಡಿಸನ್ ಕೂಡ ಗುಲಾಮರ ಒಡೆಯರೇ. ಗುಲಾಮಗಿರಿ ಒಡೆಯನ ನಡತೆಯನ್ನೇ ಕೆಡಿಸುತ್ತದೆ, ಅಪ್ಪನನ್ನು ನೋಡಿ ಮಕ್ಕಳು ದಬ್ಬಾಳಿಕೆ ಕಲಿಯುತ್ತಾರೆ ಅಂತ ಬರೆದ ಜೆಫರ್ಸನ್, ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು. ಪಂಚಾಂಗ ರಚಿಸುತ್ತಿದ್ದ ಸ್ವತಂತ್ರ ಕಪ್ಪು ಗಣಿತಜ್ಞ ಬೆಂಜಮಿನ್ ಬ್ಯಾನೆಕರ್ 1791ರ ಆಗಸ್ಟ್‌ನಲ್ಲಿ ಅವರಿಗೆ ಪತ್ರ ಬರೆದು, ಘೋಷಣೆಯಲ್ಲಿ ನೀವೇ ಬರೆದ ಸಮಾನತೆಯ ಮಾತು ಏನಾಯ್ತು ಅಂತ ಕೇಳಿದರು. ನಯವಾದ ಉತ್ತರ ಬಂತು. ಮಾಂಟಿಚೆಲೊ ಎಸ್ಟೇಟಿನ ಗುಲಾಮಗಿರಿ ಮುಂದುವರಿಯಿತು. ಅರ್ಹತೆಯ ಪರೀಕ್ಷೆ ಬರೆಯಬೇಕಾದವರು ಯಾವಾಗಲೂ ಕೆಳಗಿದ್ದವರು, ಪೇಪರ್ ತಿದ್ದುವವರು ಮೇಲಿದ್ದವರು.

1800ರ ಚುನಾವಣೆಯಲ್ಲಿ ಆಡಮ್ಸ್ ಸೋತರು. ಕಾಯ್ದೆ ತಾನಾಗಿ ಸತ್ತಿತು. ಲಯನ್ ತೀರಿಕೊಂಡು 18 ವರ್ಷವಾದ ಮೇಲೆ, 1840ರಲ್ಲಿ, ಸಂಸತ್ತು ದಂಡದ ಹಣವನ್ನು ಅವರ ವಾರಸುದಾರರಿಗೆ ವಾಪಸ್ ಕೊಡಿಸಿತು.

ಸ್ವಾತಂತ್ರ್ಯಕ್ಕೆ ನೀತಿ ಬೇಡ ಅಂತ ನಾನು ಹೇಳ್ತಿಲ್ಲ. ತೆರಿಗೆ ಕದಿಯುವ, ಮತ ಮಾರುವ, ಪಕ್ಕದವರ ಮೇಲಿನ ಹಲ್ಲೆಗೆ ಕಣ್ಣು ಮುಚ್ಚುವ ಸಮಾಜವನ್ನು ಯಾವ ಸಂವಿಧಾನವೂ ಉಳಿಸಲ್ಲ. ಆದರೆ ಪ್ರಜೆಗಳ ನೀತಿಯನ್ನು ಅಳೆಯುವ ಅಧಿಕಾರ ಆಳುವವರ ಕೈಗೆ ಹೋದ ದಿನ, ಅವರ ನೀತಿಯನ್ನು ಪ್ರಶ್ನಿಸೋದೇ ಅಪರಾಧ ಆಗುತ್ತೆ. 1798 ತೋರಿಸಿದ್ದು ಅದನ್ನೇ. ಹಾಗಾಗಿ ಆಡಮ್ಸ್ ಅವರ ಮಾತು ನಿಮ್ಮ ಟೈಮ್‌ಲೈನ್‌ನಲ್ಲಿ ಕಂಡರೆ ಜಗಳಕ್ಕೆ ಇಳಿಯಬೇಡಿ. ಕೆಳಗೆ ಮ್ಯಾಥ್ಯೂ ಲಯನ್ ಹೆಸರು ಬರೆದು ಬನ್ನಿ, ಸಾಕು.