ಇಂಗ್ಲಿಷ್ ವ್ಯಾಕರಣದ ತರಗತಿಯಲ್ಲಿ ಕನ್ನಡಕ್ಕೇಕೆ ಬಹಿಷ್ಕಾರ?



ಇಂದಿನ ಬರಹದಲ್ಲಿ ಸ್ವಲ್ಪ ಖಾರವಿದೆ. ‘ವ್ಯಾಕರಣದ ಗೊಡವೆಯಿಲ್ಲದೆ ಮೂವತ್ತು ದಿನಗಳಲ್ಲಿ ಇಂಗ್ಲಿಷ್’ ಎಂದು ಸಾರುವ ತರಬೇತಿ ಕೇಂದ್ರಗಳು ಒಂದು ಕಡೆ. ಶಾಲೆಯ ಅಂಗಳದಲ್ಲಿ ಕನ್ನಡ ಆಡಿದ ಮಗುವಿಗೆ ದಂಡ ಹಾಕುವ ಶಾಲೆಗಳು ಇನ್ನೊಂದು ಕಡೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗಳು ಅಂಥದೊಂದು ಶಾಲೆಯಲ್ಲಿ ಹತ್ತು ರೂಪಾಯಿ ತೆತ್ತು ಬಂದಳಂತೆ. ಮೇಲ್ನೋಟಕ್ಕೆ ಇವು ಬೇರೆ ಬೇರೆಯಾಗಿ ಕಂಡರೂ ಎರಡರ ಹಿಂದಿರುವ ನಂಬಿಕೆ ಒಂದೇ: ಹಳ್ಳಿಯ ಮಗು ತನ್ನ ಬುದ್ಧಿಯಿಂದ, ತನ್ನ ಭಾಷೆಯ ಬಲದಿಂದ ಇಂಗ್ಲಿಷನ್ನು ಅರಿಯಲಾರದು ಎಂಬುದು. ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ.

ನಗರದ ಮಗುವಿಗೆ ಇಂಗ್ಲಿಷ್ ಕಿವಿಯ ಮೂಲಕ ದೊರೆಯುತ್ತದೆ. ಮನೆಯಲ್ಲಿ, ಅಂಗಡಿಯಲ್ಲಿ, ನೆರೆಮನೆಯಲ್ಲಿ ಕೇಳಿ ಕೇಳಿ ಸರಿ ಯಾವುದು, ತಪ್ಪು ಯಾವುದು ಎಂಬುದು ಅದಕ್ಕೆ ತಾನಾಗಿಯೇ ಹೊಳೆಯುತ್ತದೆ. ಹೇಮಗುಡ್ಡದ ಮಗುವಿಗೆ ಆ ಭಾಗ್ಯವಿಲ್ಲ. ಕೋಟೆಯ ಗೋಡೆಯನ್ನು ದಾಟಿ ಬರುವ ಇಂಗ್ಲಿಷೆಂದರೆ ಮೊಬೈಲಿನದು, ರಸಗೊಬ್ಬರದ ಚೀಲದ ಮೇಲಿನದು. ಅಂಥವನಿಗೆ ವ್ಯಾಕರಣವೇ ಮೆಟ್ಟಿಲು. ಅದನ್ನು ‘ಬೇಡ’ ಎಂದು ಕಿತ್ತುಕೊಂಡರೆ ಅವನು ಮೇಲೇರುವುದು ಹೇಗೆ? ವ್ಯಾಕರಣ ಬೇಡವೆನ್ನುವವರಲ್ಲಿ ಹೆಚ್ಚಿನವರು ತಾವು ಅದನ್ನು ಚೆನ್ನಾಗಿ ಕಲಿತು ನೌಕರಿ ಹಿಡಿದವರೇ ಎಂಬುದನ್ನು ಇಲ್ಲಿ ಹೇಳದಿರಲಾರೆ.

ಬಿ.ಎಡ್. ತರಬೇತಿಯಲ್ಲಿ ನಮಗೆ ‘ನೇರ ವಿಧಾನ’ವನ್ನು ಬೋಧಿಸಿದರು. ಇಂಗ್ಲಿಷನ್ನು ಇಂಗ್ಲಿಷಿನಲ್ಲಿಯೇ ಕಲಿಸಬೇಕು, ತರಗತಿಯಲ್ಲಿ ಕನ್ನಡದ ಸೊಲ್ಲೆತ್ತಬಾರದು ಎಂಬುದು ಅದರ ತಿರುಳು. ಒಳ್ಳೆಯದು. ಹಾಗಾದರೆ ಇಂಗ್ಲಿಷರು ಕನ್ನಡ ಕಲಿತದ್ದು ಹೇಗೆ? 1817ರಲ್ಲಿ ವಿಲಿಯಂ ಕೇರಿ ಕನ್ನಡದ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. 1820ರಲ್ಲಿ ಮೆಕೆರೆಲ್, 1859ರಲ್ಲಿ ಹಾಡ್ಸನ್ ಹಾಗೆಯೇ ಮಾಡಿದರು. ಜರ್ಮನಿಯಿಂದ ಬಂದ ಕಿಟ್ಟೆಲ್ ಅವರು 1903ರಲ್ಲಿ ಹೊರತಂದ ಕನ್ನಡ ವ್ಯಾಕರಣವೂ ಇಂಗ್ಲಿಷಿನಲ್ಲಿಯೇ ಇದೆ. ಅದಕ್ಕೂ ಬಹಳ ಹಿಂದೆ, 1604ರಲ್ಲಿ, ಭಟ್ಟಾಕಳಂಕನು ‘ಕರ್ಣಾಟಕ ಶಬ್ದಾನುಶಾಸನ’ವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದ್ದನು, ಪಂಡಿತರಿಗೆ ತಿಳಿಯುವ ಭಾಷೆ ಅದಾಗಿತ್ತು. ಕಲೆಕ್ಟರನಿಗೆ, ಪಾದ್ರಿಗೆ, ಪಂಡಿತನಿಗೆ ತಾವು ಬಲ್ಲ ಭಾಷೆಯಲ್ಲಿ ವಿವರಣೆ ಸಲ್ಲುತ್ತದೆ. ಒಕ್ಕಲಿಗನ ಮಗನಿಗೆ ಮಾತ್ರ ಸಲ್ಲದೆ?

ನಮ್ಮ ಸೀಮೆಯ ಚರಿತ್ರೆಯೂ ಬೇರೆಯಲ್ಲ. 1948ರವರೆಗೆ ನಾವು ನಿಜಾಮರ ಆಳಿಕೆಯಲ್ಲಿದ್ದೆವು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯೆಲ್ಲ ಉರ್ದುವಿನಲ್ಲಿ. ಇಂಗ್ಲಿಷ್ ಒಂದು ಕಡ್ಡಾಯ ವಿಷಯ, ಅಷ್ಟೆ. ಅಲ್ಲಿ ಕಲಿತ ವಕೀಲರ, ವೈದ್ಯರ ಇಂಗ್ಲಿಷನ್ನು ಯಾರೂ ಹಳಿದುದನ್ನು ನಾನು ಕೇಳಿಲ್ಲ.

ಇನ್ನು ವಿಷಯದ ಒಳಗೆ ಬರೋಣ. ‘ಎ’, ‘ದ’ ಎಂಬ ಆರ್ಟಿಕಲ್‌ಗಳು ಕನ್ನಡದಲ್ಲಿಲ್ಲ, ಆದ್ದರಿಂದ ನಮ್ಮ ಮಕ್ಕಳಿಗೆ ಅವು ಎಂದಿಗೂ ಹತ್ತುವುದಿಲ್ಲ ಎಂದು ಕೈಚೆಲ್ಲುವ ಶಿಕ್ಷಕರಿದ್ದಾರೆ. ಪದವಿಲ್ಲ ನಿಜ, ಭೇದವಿಲ್ಲವೆಂದು ಯಾರು ಹೇಳಿದರು? ‘ಹಗ್ಗ ತಾ’ ಎಂದರೆ ಯಾವುದಾದರೊಂದು ಹಗ್ಗ ಸಾಕು. ‘ಹಗ್ಗವನ್ನು ತಾ’ ಎಂದರೆ ಸಾಮಾನ್ಯವಾಗಿ ನನಗೂ ನಿನಗೂ ಗೊತ್ತಿರುವ ಆ ಹಗ್ಗ. ಅಪ್ರಾಣಿವಾಚಕಗಳಲ್ಲಿ ದ್ವಿತೀಯಾ ವಿಭಕ್ತಿಯನ್ನು ಇಡುವುದರಲ್ಲಿ, ಬಿಡುವುದರಲ್ಲಿ ನಮ್ಮ ಮಗು ದಿನವೂ ಈ ವಿವೇಚನೆಯನ್ನು ಮಾಡುತ್ತಲೇ ಇರುತ್ತದೆ. ಎಲ್ಲ ಕಡೆಯೂ ಇದು ಹೊಂದದು, ಆದರೆ ಬಾಗಿಲು ತೆರೆಯಲು ಸಾಕು. ಹತ್ತು ವಾಕ್ಯಗಳಲ್ಲಿ ಇದನ್ನು ತೋರಿಸಿ, ಅನಂತರ ‘ದ’ ಎಂಬುದನ್ನು ಕರಿಹಲಗೆಯ ಮೇಲೆ ಬರೆಯಿರಿ. ಮಕ್ಕಳ ಮುಖ ನೋಡಿರಿ.

ಮೂರನೆಯ ಬಗೆಯ ಕಂಡಿಷನಲ್ ಎಂದರೆ ಪದವಿ ತರಗತಿಯವರೂ ಬೆವರುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತಷ್ಟೆ. ಮರುದಿನ ಯಾವ ಚಹಾದ ಅಂಗಡಿಯಲ್ಲಿ ಕುಳಿತರೂ ಒಂದೇ ಮಾತು: ‘ಸರಪಳಿ ಗಟ್ಟಿ ಇದ್ದಿದ್ದರೆ ಇಷ್ಟು ನೀರು ಹೋಗುತ್ತಿರಲಿಲ್ಲ.’ ಸರಪಳಿ ಗಟ್ಟಿಯಿರಲಿಲ್ಲ, ನೀರು ಹೋಯಿತು. ನಡೆಯದುದನ್ನು ಹೇಳಲು ಕನ್ನಡವೂ ಭೂತಕಾಲದ ರೂಪವನ್ನೇ ಹಿಡಿಯಿತು. ಇಂಗ್ಲಿಷಿನ ‘ಇಫ್... ಹ್ಯಾಡ್ ಬೀನ್, ವುಡ್ ನಾಟ್ ಹ್ಯಾವ್ ಗಾನ್’ ಎಂಬುದು ಮಾಡುವುದೂ ಅದೇ ಕೆಲಸವನ್ನು. ಅಕ್ಷರ ಬಾರದ ಅಜ್ಜನು ತಪ್ಪಿಲ್ಲದೆ ಬಳಸುವ ರಚನೆಯನ್ನು ‘ಕಠಿಣ’ವೆಂದು ಹೆದರಿಸಿ, ಸೂತ್ರ ಬಾಯಿಪಾಠ ಮಾಡಿಸುವುದು ಎಂಥ ಬೋಧನೆ?

ಕೂಡದ ಕಡೆಗಳನ್ನೂ ಕನ್ನಡದಿಂದಲೇ ತೋರಿಸಬೇಕು. ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’ ಎನ್ನುವ ನಮಗೆ ‘ಹ್ಯಾವ್’ ಎಂಬ ಕ್ರಿಯಾಪದವೇ ಇಲ್ಲ. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂದು ತಡವರಿಸುವುದು ಅದರಿಂದ. ಪರೋಕ್ಷ ಕಥನದಲ್ಲಿಯೂ ಹೀಗೆಯೇ. ‘ರಾಮನು ತಾನು ಬರುತ್ತೇನೆ ಎಂದನು’ ಎನ್ನುವಾಗ ನಾವು ಆಡಿದವನ ಕ್ರಿಯಾಪದವನ್ನು ಮುಟ್ಟುವುದಿಲ್ಲ. ಇಂಗ್ಲಿಷ್ ಅದನ್ನು ಭೂತಕಾಲಕ್ಕೆ ಜಗ್ಗುತ್ತದೆ. ಆದರೆ ಬಂದವನು ರಾಮನೋ ಬೇರೊಬ್ಬನೋ ಎಂಬ ಗೊಂದಲ ಅವರ ‘ಹೀ’ಯಲ್ಲಿದೆ, ನಮ್ಮ ‘ತಾನು’ವಿನಲ್ಲಿ ಇಲ್ಲ. ಈ ಮಾತು ಕೇಳಿದ ಹುಡುಗ ಸ್ವಲ್ಪ ಎದೆಯೆತ್ತಿ ಕುಳಿತುಕೊಳ್ಳುತ್ತಾನೆ. ಅದೂ ಬೇಕು.

ಒಂದು ಆಕ್ಷೇಪಣೆಗೆ ಉತ್ತರಿಸಬೇಕಾಗಿದೆ. ಎಲ್ಲವನ್ನೂ ಕನ್ನಡದಲ್ಲಿ ಹೇಳಿದರೆ ಮಕ್ಕಳ ಕಿವಿಗೆ ಇಂಗ್ಲಿಷ್ ಬೀಳುವುದಾದರೂ ಯಾವಾಗ ಎಂದು ಕೇಳುವವರಿದ್ದಾರೆ. ಪಾಠವನ್ನು ಸಾಲುಸಾಲಾಗಿ ಕನ್ನಡಕ್ಕೆ ತಿರುಗಿಸಿ, ಗೈಡಿನ ಉತ್ತರ ಬರೆಯಿಸುವ ಪದ್ಧತಿಯನ್ನು ನಾನು ಸಮರ್ಥಿಸುತ್ತಿಲ್ಲ. ಅದು ಇಂಗ್ಲಿಷನ್ನೂ ಕೊಂದಿದೆ, ಕನ್ನಡವನ್ನೂ ಕೊಂದಿದೆ. ನಲವತ್ತು ನಿಮಿಷಗಳ ಅವಧಿಯಲ್ಲಿ ಎಂಟು-ಹತ್ತು ನಿಮಿಷ ಕನ್ನಡದಲ್ಲಿ ಕಾರಣ ತಿಳಿಸಿರಿ. ಉಳಿದ ಅರ್ಧ ಗಂಟೆ ಮಕ್ಕಳು ಇಂಗ್ಲಿಷಿನಲ್ಲಿ ಓದಲಿ, ಕೇಳಲಿ, ತಮ್ಮ ಹೊಲ ಮನೆಗಳ ಬಗೆಗೆ ವಾಕ್ಯ ಕಟ್ಟಲಿ.

2007ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಇದೆ; 2019ರಲ್ಲಿ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದವು. ವರ್ಷಗಳನ್ನು ಕೂಡಿಸಿದರು, ಮಾಧ್ಯಮವನ್ನು ಬದಲಿಸಿದರು. ಕಲಿಸುವ ಬಗೆಯನ್ನು ಮಾತ್ರ ಮುಟ್ಟಲಿಲ್ಲ. ಸಾಲ ಮಾಡಿ ಮಗುವನ್ನು ವ್ಯಾನಿಗೆ ಹತ್ತಿಸಿ ಗಂಗಾವತಿಗೆ ಕಳಿಸುವ ತಂದೆತಾಯಿಗಳನ್ನು ನಾನು ದೂರಲಾರೆ. ಊರಿನ ಶಾಲೆಯಲ್ಲಿ ಸಿಗಬೇಕಾದುದು ಸಿಕ್ಕಿದ್ದರೆ ಅವರೇಕೆ ಕಳಿಸುತ್ತಿದ್ದರು? (ಇದೂ ಮೂರನೆಯ ಬಗೆಯ ಕಂಡಿಷನಲ್ಲಿನ ಹತ್ತಿರದ ಸಂಬಂಧಿಯೇ!)

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಕುಷ್ಟಗಿ, ಯಲಬುರ್ಗಾ, ಕೊಪ್ಪಳ ಕಡೆ ಇಂಗ್ಲಿಷ್ ಶಿಕ್ಷಕರಾಗಿದ್ದೀರಿ. ನಿಮ್ಮ ತರಗತಿಯ ಮಕ್ಕಳು ಮತ್ತೆ ಮತ್ತೆ ಎಡವುವ ವಾಕ್ಯಗಳನ್ನು, ಅದೇ ಅರ್ಥಕ್ಕೆ ಅವರು ಮನೆಯಲ್ಲಿ ಆಡುವ ಕನ್ನಡ ವಾಕ್ಯಗಳ ಸಮೇತ, ನನಗೆ ಬರೆದು ಕಳಿಸಿರಿ. ಪ್ರೆಸೆಂಟ್ ಪರ್ಫೆಕ್ಟ್ ಮತ್ತು ನಮ್ಮ ‘ಬಂದಿದ್ದೇನೆ’ಯ ಜಗಳವನ್ನು ಮುಂದಿನ ಬಾರಿ ಎತ್ತಿಕೊಳ್ಳುತ್ತೇನೆ.