ವಾರ್ಡಿನ ಅಭ್ಯರ್ಥಿಯ ಭರವಸೆ ಮತ್ತು ಅಧಿಕಾರದ ವಾಸ್ತವ

ನಗರ ಪಾಲಿಕೆಗಳಿಗೆ ಚುನಾವಣೆ ಬಂದಾಗಲೆಲ್ಲ ಮನೆಬಾಗಿಲಿಗೆ ಬರುವ ಕರಪತ್ರಗಳಲ್ಲಿ ವಿಶೇಷ ವ್ಯತ್ಯಾಸವೇನೂ ಇರುವುದಿಲ್ಲ. ಪಕ್ಷದ ಚಿಹ್ನೆ ಬದಲಾಗುತ್ತದೆ, ಕೈಮುಗಿದು ನಿಂತ ಅಭ್ಯರ್ಥಿಯ ಭಾವಚಿತ್ರ ಬದಲಾಗುತ್ತದೆ. ಕೆಳಗಿನ ಪಟ್ಟಿ ಮಾತ್ರ ಹಾಗೆಯೇ ಉಳಿಯುತ್ತದೆ. ದಿನದ 24 ಗಂಟೆ ಕುಡಿಯುವ ನೀರು, ಗುಂಡಿಮುಕ್ತ ರಸ್ತೆ, ಒಳಚರಂಡಿ, ಉದ್ಯಾನ, ನಿರುದ್ಯೋಗಿ ಯುವಕರಿಗೆ ಕೆಲಸ, ಎಲ್ಲಕ್ಕೂ ಕಳಶವಿಟ್ಟಂತೆ 'ಮಾದರಿ ವಾರ್ಡ್' ಎಂಬ ಘೋಷಣೆ. ಇಷ್ಟನ್ನೂ ಮಾಡಿಕೊಡುವುದಾಗಿ ಹೇಳುವ ವ್ಯಕ್ತಿಯ ಕೈಯಲ್ಲಿ ನಿಜಕ್ಕೂ ಯಾವ ಅಧಿಕಾರವಿದೆ? ಈ ಪ್ರಶ್ನೆಯನ್ನು ಕೇಳುವ ಮತದಾರರು ವಿರಳ. ಉತ್ತರಿಸುವ ಅಭ್ಯರ್ಥಿಗಳು ಇನ್ನೂ ವಿರಳ.

ಪ್ರಶ್ನೆ ಕೇವಲ ತಾತ್ವಿಕವಲ್ಲ. ವಿಧಾನಸಭೆಯ ಸದಸ್ಯರು ಕಾನೂನು ಮಾಡಬೇಕಾದವರು, ಸಂಸದರು ದೇಶದ ನೀತಿ ನಿರೂಪಿಸಬೇಕಾದವರು. ನಮ್ಮ ಬೀದಿಯ ದೀಪ, ಮೂಲೆಯ ಕಸದ ರಾಶಿ, ಮಳೆ ಬಂದರೆ ಉಕ್ಕುವ ಮೋರಿ, ಬಸ್ ನಿಲ್ದಾಣದ ಬಳಿ ತರಕಾರಿ ಮಾರುವ ಮಹಿಳೆಯ ಜೀವನೋಪಾಯ ಇವೆಲ್ಲ ಸೇರಬೇಕಾದ ಮೇಜು ಪಾಲಿಕೆ ಸದಸ್ಯನದು. ಆ ಕುರ್ಚಿ ದುರ್ಬಲವಾದರೆ ಅಥವಾ ಖಾಲಿಯಾದರೆ ಅದರ ಪರಿಣಾಮ ಮೊದಲು ತಟ್ಟುವುದು ಪ್ರಭಾವವಿಲ್ಲದ ಸಾಮಾನ್ಯ ನಾಗರಿಕನಿಗೆ.

ಖಾಲಿ ಕುರ್ಚಿಗಳ ಕಥೆ

ರಾಜ್ಯದ ನಗರಗಳಲ್ಲಿ ಈ ಕುರ್ಚಿ ಎಷ್ಟು ಕಾಲ ಖಾಲಿ ಉಳಿದಿದೆ ಎಂಬುದನ್ನು ಮೊದಲು ನೋಡೋಣ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಕೊನೆಯ ಬಾರಿ ಮತದಾನ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ರಂದು ಮುಗಿಯಿತು. ಬಳಿಕ ನಡೆದದ್ದು ವಾರ್ಡುಗಳ ಎಣಿಕೆಯ ಆಟ. 198 ಇದ್ದ ವಾರ್ಡುಗಳು 243 ಆದವು. ಸರ್ಕಾರ ಬದಲಾದ ಮೇಲೆ 225ಕ್ಕೆ ಇಳಿದವು. ಕೊನೆಗೆ 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಇಲ್ಲವಾಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ಪಾಲಿಕೆಗಳು ಹುಟ್ಟಿದವು. ಅವುಗಳ ವಾರ್ಡುಗಳ ಒಟ್ಟು ಸಂಖ್ಯೆ 369ಕ್ಕೆ ನಿಗದಿಯಾಯಿತು. ಇಷ್ಟೆಲ್ಲ ಗುಣಾಕಾರ, ಭಾಗಾಕಾರಗಳು ನಡೆಯುತ್ತಿದ್ದ ಐದು ವರ್ಷಗಳಲ್ಲಿ ಚುನಾವಣೆ ಮಾತ್ರ ನಡೆಯಲಿಲ್ಲ.

ಇದು ರಾಜಧಾನಿಯೊಂದರ ರೋಗವೆಂದು ಭಾವಿಸುವಂತಿಲ್ಲ. ಮೈಸೂರು ಪಾಲಿಕೆಯ ಅವಧಿ 2023ರ ನವೆಂಬರ್‌ನಲ್ಲಿ, ಮಂಗಳೂರಿನದು 2025ರ ಫೆಬ್ರುವರಿಯಲ್ಲಿ ಮುಗಿದು ಆಡಳಿತಾಧಿಕಾರಿಗಳ ಕೈಗೆ ಹೋದವು. ಬೆಳಗಾವಿ ಮತ್ತು ಹುಬ್ಬಳ್ಳಿ-ಧಾರವಾಡಗಳಲ್ಲಿ ಹಿಂದಿನ ಅವಧಿ 2019ರಲ್ಲೇ ಮುಗಿದಿದ್ದರೂ ಮತದಾನ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಗೂ ಕಥೆ ಮುಗಿಯಲಿಲ್ಲ. ಹುಬ್ಬಳ್ಳಿ-ಧಾರವಾಡಕ್ಕೆ ಮೇಯರ್ ಸಿಕ್ಕಿದ್ದು 2022ರ ಮೇ ತಿಂಗಳಲ್ಲಿ. ಬೆಳಗಾವಿಗೆ 2023ರ ಫೆಬ್ರುವರಿಯಲ್ಲಿ. ಕಲಬುರಗಿಗೆ ಆ ವರ್ಷದ ಮಾರ್ಚ್‌ನಲ್ಲಿ. ಅಂದರೆ ಗೆದ್ದ ಅಭ್ಯರ್ಥಿಗಳು ಬೆಳಗಾವಿಯಲ್ಲಿ 17 ತಿಂಗಳು, ಕಲಬುರಗಿಯಲ್ಲಿ 18 ತಿಂಗಳು ಸಭೆಯೇ ಇಲ್ಲದ ಸದಸ್ಯರಾಗಿದ್ದರು! ಮತ ಪಡೆದವರಿಗೆ ಮಾತನಾಡಲು ಸ್ಥಳವಿರಲಿಲ್ಲ. ಮತ ಕೊಟ್ಟವರಿಗೆ ಕೇಳಲು ಜನರಿರಲಿಲ್ಲ.

ಸಂವಿಧಾನದ 243-ಯು ವಿಧಿ ಈ ವಿಷಯದಲ್ಲಿ ಯಾವ ಗೊಂದಲವನ್ನೂ ಉಳಿಸಿಲ್ಲ. ನಗರಸಂಸ್ಥೆಯ ಅವಧಿ ಐದು ವರ್ಷ. ಆ ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಪೂರ್ಣಗೊಳ್ಳಬೇಕು. ಅಹಮದಾಬಾದ್ ಪಾಲಿಕೆಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಈ ಕಾಲಮಿತಿ ಕಡ್ಡಾಯವೆಂದು ಸಾರಿತ್ತು. ಆದರೂ ವಾರ್ಡ್ ಮರುವಿಂಗಡಣೆ ಮತ್ತು ಮೀಸಲಾತಿ ಪಟ್ಟಿಗಳು ನ್ಯಾಯಾಲಯದ ಮೆಟ್ಟಿಲೇರುತ್ತಲೇ ಇವೆ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಈ ವಿಳಂಬದಲ್ಲಿ ವ್ಯತ್ಯಾಸ ಕಾಣದಿರುವುದು ಗಮನಾರ್ಹ. ಪಾಲಿಕೆ ಸದಸ್ಯನಿಲ್ಲದಿದ್ದರೆ ವಾರ್ಡಿನ ಪ್ರತಿ ಕಾಮಗಾರಿಗೂ ಶಾಸಕರೇ ಗುದ್ದಲಿಪೂಜೆ ಮಾಡಬಹುದಲ್ಲವೇ!

ಒಂದು ಕ್ರಿಯಾಪದದ ಮಹಿಮೆ

ಇನ್ನು ಅಧಿಕಾರದ ಮಾತು. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಸಂಸ್ಥೆಗಳಿಗೆಂದು 12ನೇ ಅನುಸೂಚಿಯಲ್ಲಿ 18 ಕಾರ್ಯಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಮೊದಲನೆಯದು ನಗರ ಯೋಜನೆ. ಮೂರನೆಯದು ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಯ ಯೋಜನೆ. ಐದನೆಯದು ನೀರು ಪೂರೈಕೆ. ಅಭ್ಯರ್ಥಿಯ ಕರಪತ್ರ ಈ ಪಟ್ಟಿಯ ನಕಲಿನಂತೆಯೇ ಇರುತ್ತದೆ. ಆದರೆ 243-ಡಬ್ಲ್ಯು ವಿಧಿಯ ಪ್ರಕಾರ ರಾಜ್ಯ ಶಾಸಕಾಂಗ ಈ ಅಧಿಕಾರಗಳನ್ನು ಕಾನೂನಿನ ಮೂಲಕ 'ಕೊಡಬಹುದು', 'ಕೊಡಲೇಬೇಕು' ಎಂದಿಲ್ಲ. ಆ ಒಂದು ಕ್ರಿಯಾಪದದಲ್ಲಿ ನಗರಗಳ ಹಣೆಬರಹ ಅಡಗಿದೆ.

ಬೆಂಗಳೂರಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ನೀರು ಮತ್ತು ಒಳಚರಂಡಿ 1964ರ ಕಾಯ್ದೆಯಡಿ ರಚನೆಯಾದ ಜಲಮಂಡಳಿಗೆ ಸೇರಿದ್ದು. ವಿದ್ಯುತ್ ಬೆಸ್ಕಾಂನದು, ಬಸ್ಸು ಬಿಎಂಟಿಸಿಯದು, ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಕೆಐಎಡಿಬಿಯದು. ಕಸಕ್ಕೂ 2021ರಲ್ಲಿ ಪ್ರತ್ಯೇಕ ಕಂಪನಿ ಸ್ಥಾಪನೆಯಾಯಿತು. ಇವಾವುವೂ ವಾರ್ಡಿನ ಸದಸ್ಯನಿಗೆ ಉತ್ತರದಾಯಿಯಲ್ಲ. 2015ರಲ್ಲಿ ಆರಂಭವಾದ ಸ್ಮಾರ್ಟ್ ಸಿಟಿ ಯೋಜನೆಯಲ್ಲೂ ಇದೇ ಕಥೆ. ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು, ಬೆಂಗಳೂರುಗಳಲ್ಲಿ ಹಣ ಹರಿದದ್ದು ಪಾಲಿಕೆಯ ಸಭೆಯ ಮೂಲಕವಲ್ಲ, ಅಧಿಕಾರಿಗಳು ಮುನ್ನಡೆಸುವ ಕಂಪನಿಗಳ ಮೂಲಕ. ರಸ್ತೆ ಅಗೆದವರು ಒಬ್ಬರು, ಧೂಳು ಕುಡಿದು ಬಂದವರಿಗೆ ಸಮಾಧಾನ ಹೇಳಬೇಕಾದವರು ಇನ್ನೊಬ್ಬರು!

ಮೇಯರ್ ಸ್ಥಾನವೂ ಇದಕ್ಕೆ ಹೊರತಲ್ಲ. 1976ರ ಕರ್ನಾಟಕ ಪೌರನಿಗಮಗಳ ಕಾಯ್ದೆಯಡಿ ಮೇಯರ್ ಅವಧಿ ಒಂದೇ ವರ್ಷ. ಒಬ್ಬ ಮೇಯರ್ ಆಯವ್ಯಯದ ಲೆಕ್ಕವನ್ನು ಅರ್ಥಮಾಡಿಕೊಳ್ಳುವಷ್ಟರಲ್ಲಿ ಮುಂದಿನವರ ಸನ್ಮಾನಕ್ಕೆ ಹಾರ ಸಿದ್ಧವಾಗಿರುತ್ತದೆ. ಬೆಂಗಳೂರಿನ ಹೊಸ ಕಾಯ್ದೆ ಈ ಅವಧಿಯನ್ನು 30 ತಿಂಗಳಿಗೆ ಏರಿಸಿದ್ದು ಸ್ವಾಗತಾರ್ಹವೇ. ಆದರೆ ಐದೂ ಪಾಲಿಕೆಗಳ ಮೇಲಿರುವ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು ಎಂಬುದನ್ನು ಮರೆಯುವಂತಿಲ್ಲ.

ಅಭಿವೃದ್ಧಿಯ ಫಲ ಯಾರ ಬೊಕ್ಕಸಕ್ಕೆ?

ಆರ್ಥಿಕ ಅಭಿವೃದ್ಧಿಯ ಭರವಸೆಯನ್ನು ಹಣದ ಒರೆಗಲ್ಲಿಗೆ ಹಚ್ಚಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂದು ಕಾಲದಲ್ಲಿ ಊರಿಗೆ ಬರುವ ಸರಕಿನ ಮೇಲೆ ನಗರಸಭೆಗಳು ಆಕ್ಟ್ರಾಯ್ ವಸೂಲು ಮಾಡುತ್ತಿದ್ದವು. ವ್ಯಾಪಾರ ಬೆಳೆದಷ್ಟೂ ಊರಿನ ಬೊಕ್ಕಸ ತುಂಬುತ್ತಿತ್ತು. 1979ರಲ್ಲಿ ಅದು ರದ್ದಾಗಿ ರಾಜ್ಯದ ಪ್ರವೇಶ ತೆರಿಗೆ ಬಂತು. 2017ರಲ್ಲಿ ಜಿಎಸ್‌ಟಿ ಅದನ್ನೂ ನುಂಗಿತು. ವೃತ್ತಿ ತೆರಿಗೆಯ ಕಥೆಯೂ ಬೇರೆಯಲ್ಲ. ನೆರೆಯ ತಮಿಳುನಾಡು ಮತ್ತು ಕೇರಳದಲ್ಲಿ ಅದು ಸ್ಥಳೀಯ ಸಂಸ್ಥೆಗಳ ಆದಾಯ; ಕರ್ನಾಟಕದಲ್ಲಿ ರಾಜ್ಯ ಸರ್ಕಾರವೇ ಅದನ್ನು ಸಂಗ್ರಹಿಸುತ್ತದೆ.

ಹೀಗಾಗಿ ವಾರ್ಡಿನಲ್ಲಿ ನೂರು ಹೊಸ ಅಂಗಡಿಗಳು ತೆರೆದರೂ, ಸಾವಿರ ಜನರಿಗೆ ಕೆಲಸ ಸಿಕ್ಕರೂ ಪಾಲಿಕೆಗೆ ನೇರವಾಗಿ ದಕ್ಕುವುದು ಮುಖ್ಯವಾಗಿ ಆಸ್ತಿ ತೆರಿಗೆ, ಜತೆಗೆ ಉದ್ದಿಮೆ ಪರವಾನಗಿ ಶುಲ್ಕದಂಥ ಸಣ್ಣ ಬಾಬ್ತುಗಳು. ಆ ಜನದಟ್ಟಣೆಯಿಂದ ಹೆಚ್ಚುವ ಕಸ, ವಾಹನ, ಪಾದಚಾರಿಗಳ ಹೊರೆ ಮಾತ್ರ ಪೂರ್ತಿ ಪಾಲಿಕೆಯದು. ಅಭಿವೃದ್ಧಿ ವಾರ್ಡಿನದು, ಆದಾಯ ಬೇರೆಯವರದು ಎಂಬ ಈ ವ್ಯವಸ್ಥೆಯಲ್ಲಿ ಉದ್ಯೋಗ ಸೃಷ್ಟಿಸುತ್ತೇನೆಂದು ಹೇಳುವ ಅಭ್ಯರ್ಥಿ ಒಂದೋ ವ್ಯವಸ್ಥೆಯನ್ನು ಅರಿಯದವನು, ಇಲ್ಲವೇ ಮತದಾರ ಅರಿತಿಲ್ಲವೆಂದು ನಂಬಿದವನು.

ಆದರೂ ಮಾಡಬಹುದಾದದ್ದು

ಹಾಗಾದರೆ ಪಾಲಿಕೆ ಸದಸ್ಯ ನಿಷ್ಪ್ರಯೋಜಕನೇ? ಖಂಡಿತ ಅಲ್ಲ. ಕೈಗಾರಿಕೆ ತರುವುದು ಆತನ ಕೈಯಲ್ಲಿಲ್ಲ. ಬೀದಿಯ ಅರ್ಥವ್ಯವಸ್ಥೆಯನ್ನು ಉಳಿಸುವುದು ಅಥವಾ ಕೆಡಿಸುವುದು ಬಹುಮಟ್ಟಿಗೆ ಪಾಲಿಕೆಯ ಕೈಯಲ್ಲೇ ಇದೆ.

2014ರ ಬೀದಿ ವ್ಯಾಪಾರಿಗಳ ಕಾಯ್ದೆಯನ್ನು ನೋಡಿ. ಐದು ವರ್ಷಕ್ಕೊಮ್ಮೆಯಾದರೂ ಬೀದಿ ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ. ವಾರ್ಡಿನ ಜನಸಂಖ್ಯೆಯ ಶೇ. 2.5ರ ಮಿತಿಯೊಳಗೆ ಸಮೀಕ್ಷೆಯಲ್ಲಿ ಗುರುತಿಸಿದ ಎಲ್ಲ ವ್ಯಾಪಾರಿಗಳಿಗೂ ಸ್ಥಳ ಒದಗಿಸಬೇಕು. 30 ಸಾವಿರ ಜನರಿರುವ ವಾರ್ಡಿನಲ್ಲಿ ಇದು 750 ಕುಟುಂಬಗಳ ಅನ್ನದ ಪ್ರಶ್ನೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸ್ಥಾನ ವ್ಯಾಪಾರಿಗಳ ಪ್ರತಿನಿಧಿಗಳಿಗೆ ಮೀಸಲು. ಪಾದಚಾರಿಗೆ ನಡೆಯಲು ಜಾಗ ಬೇಕು, ಸೊಪ್ಪು ಮಾರುವವಳಿಗೆ ಕೂರಲು ಜಾಗ ಬೇಕು. ಎರಡೂ ನ್ಯಾಯವಾದ ಬೇಡಿಕೆಗಳೇ. ಎಲ್ಲಿ, ಎಷ್ಟು ಹೊತ್ತು, ಎಷ್ಟು ಅಗಲ ಎಂಬುದನ್ನು ಇಬ್ಬರನ್ನೂ ಕೂರಿಸಿ ತೀರ್ಮಾನಿಸಬಲ್ಲವನು ಆ ಬೀದಿಯನ್ನು ಬಲ್ಲ ಜನಪ್ರತಿನಿಧಿ. ಆತನಿಲ್ಲದಾಗ ಈ ತೀರ್ಮಾನವನ್ನು ಜೆಸಿಬಿ ಯಂತ್ರ ಮಾಡುತ್ತದೆ.

ಇದರಂತೆಯೇ ಪಾಲಿಕೆಯ ಮಾರುಕಟ್ಟೆ ಕಟ್ಟಡ, ಸಾರ್ವಜನಿಕ ಶೌಚಾಲಯ, ಬೀದಿದೀಪ, ಪಾದಚಾರಿ ಮಾರ್ಗ, ಉದ್ದಿಮೆ ಪರವಾನಗಿ. ಇವು ಕರಪತ್ರದಲ್ಲಿ ಮಿಂಚುವ ವಿಷಯಗಳಲ್ಲ. ಆದರೆ ದೀಪ ಉರಿಯುವ ಬೀದಿಯಲ್ಲಿ ರಾತ್ರಿ ಒಂಬತ್ತರವರೆಗೆ ಅಂಗಡಿ ತೆರೆದಿರುತ್ತದೆ. ಪಾಳಿ ಮುಗಿಸಿ ಬರುವ ಹೆಣ್ಣುಮಗಳು ನಿರ್ಭೀತಿಯಿಂದ ಮನೆ ಸೇರುತ್ತಾಳೆ. ವಾರ್ಡಿನ ಮಟ್ಟದ ಆರ್ಥಿಕ ಅಭಿವೃದ್ಧಿ ಎಂದರೆ ಇದೇ.

ಆಡಳಿತಾಧಿಕಾರಿಗಳ ಕಾಲದಲ್ಲೇ ಕೆಲಸ ಚುರುಕಾಗಿ ಸಾಗುತ್ತದೆ, ಪಾಲಿಕೆ ಸದಸ್ಯರು ಬಂದರೆ ಕಮಿಷನ್ ಹಾವಳಿ ಎಂಬ ವಾದವನ್ನು ಮಧ್ಯಮವರ್ಗದ ಬಡಾವಣೆಗಳಲ್ಲಿ ಪದೇಪದೇ ಕೇಳುತ್ತೇವೆ. ಈ ದೂರಿನಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಸದಸ್ಯನಿಲ್ಲದ ಕಾಲದಲ್ಲಿ ಗುತ್ತಿಗೆಗಳು ನಿಲ್ಲುವುದಿಲ್ಲ, ಅವುಗಳ ಚರ್ಚೆ ಮಾತ್ರ ನಿಲ್ಲುತ್ತದೆ. ಆಯವ್ಯಯ ಸಭೆಯಲ್ಲಿ ಮಂಡನೆಯಾದರೆ ಕನಿಷ್ಠ ವಿರೋಧ ಪಕ್ಷದವರಾದರೂ ಲೆಕ್ಕ ಕೇಳುತ್ತಾರೆ. ಅಧಿಕಾರಿಯ ಕೊಠಡಿಯಲ್ಲಿ ಅನುಮೋದನೆಯಾದರೆ ಕೇಳುವವರು ಯಾರು? ಭ್ರಷ್ಟ ಸದಸ್ಯನನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳುಹಿಸಬಹುದು. ಆಡಳಿತಾಧಿಕಾರಿಯ ವರ್ಗಾವಣೆಗೆ ಮತಪೆಟ್ಟಿಗೆಯಿಲ್ಲ.

ಮತದಾರ ಕೇಳಬೇಕಾದದ್ದು

ಸದಸ್ಯನನ್ನು ಐದು ವರ್ಷವೂ ಎಚ್ಚರದಲ್ಲಿಡಲು ಕಾನೂನಿನಲ್ಲಿ ದಾರಿಯಿದೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನದ 243-ಎಸ್ ವಿಧಿ ಹೇಳುತ್ತದೆ. ರಾಜ್ಯದ ಕಾಯ್ದೆಗೆ 2011ರಲ್ಲಿ ತಂದ ತಿದ್ದುಪಡಿ ವಾರ್ಡ್ ಸಮಿತಿಯ ಜತೆಗೆ ಪ್ರದೇಶ ಸಭೆಗಳಿಗೂ ಅವಕಾಶ ಕಲ್ಪಿಸಿತು. ಗ್ರಾಮಗಳಿಗೆ ಗ್ರಾಮಸಭೆ ಇರುವಂತೆ ನಗರದ ಬಡಾವಣೆಗೂ ಒಂದು ಸಭೆ! ಆದರೆ ಬೆಂಗಳೂರಿನಲ್ಲಿ ವಾರ್ಡ್ ಸಮಿತಿಗಳಿಗೆ ಜೀವ ಬಂದದ್ದು ಹೈಕೋರ್ಟ್ ಒತ್ತಡದ ನಂತರವೇ. ತನ್ನ ಮೇಲೆ ಕಣ್ಣಿಡುವ ಸಮಿತಿಯನ್ನು ತಾನೇ ಮುಂದೆ ನಿಂತು ಕಟ್ಟುವ ಉತ್ಸಾಹ ಹೆಚ್ಚಿನ ಸದಸ್ಯರಿಗೆ ಇರಲಿಲ್ಲ.

ಆದ್ದರಿಂದ ಮನೆಬಾಗಿಲಿಗೆ ಬರುವ ಅಭ್ಯರ್ಥಿಯನ್ನು ಏನು ಮಾಡಿಕೊಡುತ್ತೀರಿ ಎಂದು ಕೇಳುವುದಕ್ಕಿಂತ ಬೇರೆ ಪ್ರಶ್ನೆಗಳು ಉಚಿತ. ವಾರ್ಡ್ ಸಮಿತಿಯ ಸಭೆ ಪ್ರತಿ ತಿಂಗಳು ಯಾವ ದಿನ, ಎಲ್ಲಿ ನಡೆಯುತ್ತದೆ? ಅದರ ನಡಾವಳಿ ನಮಗೆ ಸಿಗುತ್ತದೆಯೇ? ವಾರ್ಡಿಗೆ ಮಂಜೂರಾದ ಕಾಮಗಾರಿ, ಗುತ್ತಿಗೆದಾರ ಮತ್ತು ಮೊತ್ತದ ವಿವರವನ್ನು ಫಲಕದಲ್ಲಿ ಹಾಕಿಸುತ್ತೀರಾ? ಬೀದಿ ವ್ಯಾಪಾರಿಗಳ ಸಮೀಕ್ಷೆ ನಡೆಸಿ ಅವರಿಗೆ ಸ್ಥಳ ಗುರುತಿಸುತ್ತೀರಾ? ನೀರು, ವಿದ್ಯುತ್ ಮಂಡಳಿಗಳ ಎಂಜಿನಿಯರುಗಳನ್ನು ನಮ್ಮ ಸಭೆಗೆ ಕರೆತರುತ್ತೀರಾ? ಇವುಗಳಲ್ಲಿ ಯಾವುದಕ್ಕೂ ಕೋಟಿಗಟ್ಟಲೆ ಅನುದಾನ ಬೇಡ. ಬೇಕಾದದ್ದು ಇಚ್ಛೆ ಮಾತ್ರ. ಆದ್ದರಿಂದ ಹಣವಿಲ್ಲವೆಂಬ ನೆಪವೂ ಇಲ್ಲ.

24 ಗಂಟೆ ನೀರಿನ ಭರವಸೆ ಕೊಟ್ಟವನು ಐದು ವರ್ಷದ ನಂತರ ಜಲಮಂಡಳಿಯತ್ತ ಬೆರಳು ತೋರಿಸಿ ಪಾರಾಗಬಹುದು. ತಿಂಗಳಿಗೊಮ್ಮೆ ಸಭೆ ಕರೆಯುತ್ತೇನೆಂದು ಮಾತು ಕೊಟ್ಟವನಿಗೆ ಬೆರಳು ತೋರಿಸಲು ಬೇರೆ ಯಾರೂ ಇರುವುದಿಲ್ಲ. ಕರಪತ್ರದಲ್ಲಿ ಆ ಒಂದು ಸಾಲು ಇದೆಯೇ ಎಂಬುದನ್ನು ಮತ ಹಾಕುವ ಮುನ್ನ ನೋಡುವುದೊಳಿತು.